ಆರನೆಯ ಬಟ್ಟಲು

ವಿಜಯಪುರ
ಜೂನ್ ೧೪, ಶನಿವಾರ

ನಿಡೋಣಿ ಸಂಸ್ಥಾನದ ಪಾಕಶಾಲಾಧೀಶ್ವರಿ, ಹಂಚು ಒಲೆಗಳ ಏಕಚಕ್ರಾಧಿಪತಿ, ಕಾಖಂಡಕಿ ತವರಿನ ಕೀರ್ತಿಪತಾಕೆ, ಸತ್ತ ರೊಟ್ಟಿಗೆ ಒಗ್ಗರಣೆ ಕೊಟ್ಟು ಎಬ್ಬಿಸಿ ಕೂಡಿಸುವ ಸಂಜೀವಿನೀ ಸ್ವರೂಪಿಣಿ, ಅಖಂಡ ಸೌಭಾಗ್ಯವತಿ ಸೌಭಾಗ್ಯ ವೈನಿಯವರ ಹಿಟ್ಟು ಮೆತ್ತಿದ ಹಸ್ತಗಳಿಗೆ, ವಿಜಯಪುರದ ಬಾಡಿಗೆ ಕೋಣೆಯೊಂದರ ಅರ್ಧ ಪಾಲುದಾರನೂ ತಮ್ಮ ಏಕೈಕ ಮೈದುನನೂ ಆದ ಸಂಗು ಅಡ್ಡಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ:

ನಾನು ಚೆನ್ನಾಗಿದ್ದೇನೆ. ಪತ್ರ ತಡವಾಯಿತು, ಕ್ಷಮಿಸಬೇಕು. ಎಷ್ಟು ತಡವೆಂಬುದನ್ನು ಕೊನೆಗೆ ಹೇಳುತ್ತೇನೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆಯ ಫೋನು ಅಣ್ಣನ ಕಿಸೆಯಲ್ಲಿರುತ್ತದೆ. ಅವನು ಎತ್ತಿದರೆ ಸ್ಪೀಕರ್ ಹಚ್ಚುತ್ತಾನೆ, ಸ್ಪೀಕರ್ ಹಚ್ಚಿದರೆ ಅವ್ವ ಕೇಳುತ್ತಾಳೆ, ಅವ್ವ ಕೇಳಿದರೆ ಓಣಿ ಕೇಳುತ್ತದೆ. ಅದಕ್ಕೇ ಇದನ್ನು ನೀವು ಬುತ್ತಿ ಕಳಿಸಿದ ಸ್ಟೀಲಿನ ಡಬ್ಬಿಯಲ್ಲಿಟ್ಟು, ಸಂಜೆಯ ನಿಡೋಣಿ ಬಸ್ಸಿನಲ್ಲಿ ಡ್ರೈವರ್ ಕಾಸಿಮಸಾಬರ ಸೀಟಿನ ಹಿಂದೆ ಇಡುತ್ತೇನೆ. ಮನೆಯಲ್ಲಿ ಡಬ್ಬಿ ತೆರೆದು ತೊಳೆಯುವವರು ನೀವೊಬ್ಬರೇ. ಮೇಲಾಗಿ, ಊಟ ತುಂಬಿಕೊಂಡು ಬಂದ ಡಬ್ಬಿಯನ್ನು ಬರಿದು ಕಳಿಸಬಾರದೆಂದು ಅವ್ವನೇ ಕಲಿಸಿದ್ದಾಳೆ. ಇಲ್ಲಿಯವರೆಗೆ ನಾನು ಬರಿದೇ ಕಳಿಸುತ್ತಿದ್ದೆ. ಈ ಸಲ ತುಂಬಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಅಣ್ಣ ಫೋನು ಮಾಡಿದ್ದ. ನಮ್ಮೂರ ಸಾಲಿಯ ಬಿಸಿಯೂಟಕ್ಕೆ ಮುಖ್ಯ ಅಡಿಗೆಯವರು ಬೇಕಾಗಿದ್ದಾರಂತೆ, ಹೆಡ್ ಮಾಸ್ತರರು ತಾವಾಗಿ ಮನೆಗೆ ಬಂದು ನಿಮ್ಮನ್ನು ಕೇಳಿದರಂತೆ, ಸೋಮವಾರ ಮುಂಜಾನೆಯೊಳಗೆ ಹೇಳಬೇಕಂತೆ, ನೀವು ಒಲ್ಲೆ ಅಂದಿದ್ದೀರಂತೆ. ಯಾಕಂತ ಎಂದು ನಾನು ಕೇಳುವಷ್ಟರಲ್ಲಿ ಹಿಂದಿನಿಂದ ನಿಮ್ಮ ದನಿಯೇ ಕೇಳಿಸಿತು.

"ನಾಕ ಮಂದಿ ಮನ್ಯಾಗ ನನಗ ಅಂದಾಜ ಹತ್ತಲಿಲ್ಲ. ನೂರಾ ನಲವತ್ತ ಹುಡುಗೂರಿಗೆ ಅಳದ ಹಾಕಂದ್ರ ಹೆಂಗ್ರಿ? ಸರಕಾರದ ಅಕ್ಕಿ ಚೆಲ್ಲಿ ಹೆಸರ ಕೆಡಿಸ್ಕೊಳ್ಳೂದ ಬ್ಯಾಡ."

ಅದರ ಬೆನ್ನಿಗೇ ಅವ್ವನ ದನಿ: "ಅಷ್ಟರೆ ಖರೆ ಹೇಳ್ಯಾಳ ನೋಡ. ಇಕೀದು ಹೆಚ್ಚಿನ ಕೈ."

ನಾನು ಆಯ್ತು ಎಂದು ಫೋನಿಟ್ಟೆ. ಇಟ್ಟಮೇಲೆ ಎರಡು ದಿನದಿಂದ ಓದಲು ಕೂತರೆ ಅಕ್ಷರ ಹತ್ತುತ್ತಿಲ್ಲ. ಪೊಲೀಸ್ ಪರೀಕ್ಷೆಗೆ ಓದುವವನು ನಾನು. 'ಅಪರಾಧಿಯನ್ನು ಗುರುತಿಸಿ' ಎಂಬ ಪ್ರಶ್ನೆ ಬಂದರೆ ಮೈ ಬೆವರುತ್ತದೆ.

ಇಲ್ಲಿನ ಸುದ್ದಿ ಕೇಳಿ. ನಾವು ಒಮ್ಮೊಮ್ಮೆ ಊಟಕ್ಕೆ ಹೋಗುವ ಖಾನಾವಳಿಯ ಹಿಂದೆ ಎದೆಯೆತ್ತರದ ನೀಲಿ ಡ್ರಮ್ಮೊಂದಿದೆ. ತಾಟಿನಲ್ಲಿ ಬಿಟ್ಟದ್ದೆಲ್ಲ ಅದರೊಳಗೆ. ಇಡೀ ಚಪಾತಿಗಳು, ಅನ್ನದ ಗುಡ್ಡಗಳು, ಬಾಯಿಗೆ ಹೋಗದ ಬದನೆಕಾಯಿಗಳು. ದಿನಾ ಮಧ್ಯಾಹ್ನ ಇಟ್ಟಂಗಿಹಾಳದ ಒಬ್ಬ ಮುದುಕರು ಗಾಡಿ ತಂದು ಎಮ್ಮೆಗಳಿಗೆಂದು ಅದನ್ನು ಒಯ್ಯುತ್ತಾರೆ. "ಏನ್ರಿ ಕಾಕಾ, ಎಮ್ಮಿ ಚಲೋ ಹಿಂಡಾಕತ್ತಾವೇನು?" ಎಂದು ಕೇಳಿದೆ. "ಹಿಂಡೂದಿರಲಿ, ಪನೀರ ಇಲ್ಲದ ದಿನ ಮಾರಿ ತಿರವಾಕತ್ತಾವಲೋ ತಮ್ಮಾ" ಎಂದರು. ನಗಬೇಕೆಂದುಕೊಂಡೆ, ಆಗಲಿಲ್ಲ. ಇಲ್ಲಿ ದಿನಕ್ಕೊಂದು ಡ್ರಮ್ಮು ಉಳಿದರೂ ಇದು ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ರೊಟ್ಟಿ ಉಳಿದದ್ದಕ್ಕೆ ಒಬ್ಬ ಹೆಣ್ಣುಮಗಳಿಗೆ ಹೆಸರಿಟ್ಟರು.

ನನಗೆ ಆ ದಿನ ಸ್ವಚ್ಛ ನೆನಪಿದೆ. ನೀವು ಬಂದು ವಾರವಾಗಿರಲಿಲ್ಲ, ನಾನು ಸಾಲಿಯಲ್ಲಿ ನಾಲ್ಕನೆಯ ಇಯತ್ತೆ. ನಿಮ್ಮ ಅಪ್ಪ ಕಾಖಂಡಕಿಯಿಂದ ಸಂಜೆಯ ಊಟಕ್ಕೆ ಬರುವವರಿದ್ದರು. ಅವ್ವ ಹೇಳಿದ್ದು ಐದು ಬಟ್ಟಲು ಹಿಟ್ಟು, ಬಟ್ಟಲಿಗೆ ನಾಲ್ಕು ರೊಟ್ಟಿ. ನೀವು ಅಪ್ಪನ ಪಾಲಿನದೆಂದು ಒಂದು ಬಟ್ಟಲು ಹೆಚ್ಚು ಹಾಕಿದಿರಿ. ಅವರು ಬರಲಿಲ್ಲ, ಬಸ್ಸು ತಪ್ಪಿತ್ತೋ ಏನೋ. ನಾಲ್ಕು ರೊಟ್ಟಿ ಬುಟ್ಟಿಯಲ್ಲಿ ಉಳಿದವು.

ಅವ್ವನ ಅಡಿಗೆಮನೆಯಲ್ಲಿ ಅಲ್ಲಿಯತನಕ ತಂಗಳೆಂಬುದೇ ಇರಲಿಲ್ಲ. "ಉಳದದ್ದ ಉಣ್ಣೂದು ಶ್ಯಾಣ್ಯಾತನ ಅಲ್ಲ, ಉಳೀದಂಗ ಮಾಡೂದು ಶ್ಯಾಣ್ಯಾತನ" ಎನ್ನುವವಳು ಅವಳು. ಮರುದಿನ ಮುಂಜಾನೆ ಬುಟ್ಟಿ ತೆರೆದು ನೋಡಿ ಹೆಚ್ಚು ಬೈಯಲಿಲ್ಲ. "ಬರೂ ಮಂದಿ ಬಂದ ಮ್ಯಾಲ ಹಿಟ್ಟ ನಾದಬೇಕವಾ" ಎಂದಳು, ಅಷ್ಟೇ.

ನೀವು ಆ ನಾಲ್ಕು ರೊಟ್ಟಿ ಮುರಿದಿರಿ. ಮುರಿದ ತುಣುಕುಗಳ ಮೇಲೆ ಮಜ್ಜಿಗೆ ಚಿಮುಕಿಸಿದಿರಿ. ಸಾಸಿವೆ ಸಿಡಿಸಿ, ಶೇಂಗಾ ಹುರಿದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಅರಿಷಿಣ ಹಾಕಿ, ಎಲ್ಲ ಸುರಿದು ಮೇಲೊಂದು ತಾಟು ಮುಚ್ಚಿದಿರಿ. ತಾಟು ತೆಗೆದಾಗ ಬಂದ ಆ ವಾಸನೆಗೆ ನಾನು ಪಾಟಿಚೀಲ ಹಾಕಿಕೊಂಡವನು ಹಾಗೇ ಕೂತುಬಿಟ್ಟೆ. ಮೇಲಿನದು ಮೆತ್ತಗೆ, ತಳ ಹಿಡಿದದ್ದು ಕರುಮುರು. ತಳವನ್ನೆಲ್ಲ ಕೆರೆದು ನನಗೇ ಹಾಕಿದಿರಿ. "ಅಪ್ಪನ ಪಾಲ ನೀನ ತಿಂದಿ ನೋಡ" ಎಂದು ನಕ್ಕಿರಿ, ಆದರೆ ನಿಮ್ಮ ಕಣ್ಣು ಬೇರೆ ಏನೋ ಹೇಳುತ್ತಿದ್ದಿರಬೇಕು. ನಾನು ಕಣ್ಣು ನೋಡಲಿಲ್ಲ, ತಾಟು ನೋಡಿದೆ. ವೈನಿ, ಹನ್ನೆರಡು ವರ್ಷವಾಯಿತು. ಅಂಥದ್ದನ್ನು ಆಮೇಲೆ ಎಲ್ಲಿಯೂ ತಿಂದಿಲ್ಲ, ನಿಮ್ಮ ಕೈಯಲ್ಲಿ ಬಿಟ್ಟು.

ನಿಮ್ಮ ಕೈಯಲ್ಲಂತೂ ಬೇಕಾದಷ್ಟು ಸಲ ತಿಂದೆ. ಯಾಕೆಂದರೆ ಮರುದಿನವೂ ನಾಲ್ಕು ಉಳಿದವು, ಅದರ ಮರುದಿನವೂ ಉಳಿದವು. ನೀವು ಐದೇ ಬಟ್ಟಲು ಅಳೆಯುತ್ತಿದ್ದಿರಿ, ಒಂದು, ಎರಡು ಎಂದು ಎಣಿಸುವುದು ಹೊರಗೆ ಕಟ್ಟೆಯ ಮೇಲಿದ್ದ ಅವ್ವನಿಗೂ ಕೇಳುತ್ತಿತ್ತು. ಆದರೂ ಇಪ್ಪತ್ತಾಗಬೇಕಾದದ್ದು ಇಪ್ಪತ್ನಾಲ್ಕಾಗುತ್ತಿತ್ತು. "ತೆಳ್ಳಗ ಬಡೀತಿ ಏನ?" ಎಂದಳು ಅವ್ವ. ನೀವು ದಪ್ಪಗೆ ಬಡಿದಿರಿ. "ಬಟ್ಟಲಾ ತುದಿ ತುಂಬತಿ ಏನ?" ಎಂದಳು. ನೀವು ಬೆರಳಿನಿಂದ ಸವರಿ ಸಪಾಟು ಮಾಡಿ ಅಳೆದಿರಿ. ಕಡೆಗೆ ನೆರೆಮನೆಯ ಶಂಕ್ರೆವ್ವ ಅತ್ತಿಯ ಮುಂದೆ ಅವ್ವ ತೀರ್ಪು ಕೊಟ್ಟಳು: "ಏನ ಮಾಡಿದ್ರೂ ಅಷ್ಟ. ಇಕೀದು ಹೆಚ್ಚಿನ ಕೈ." ಶಂಕ್ರೆವ್ವ ಅತ್ತಿ ಅದನ್ನು ಓಣಿಗೆಲ್ಲ ಹಂಚಿದಳು. ಒಂದು ದಿನ ನೀವು ಒಲೆಯ ಮುಂದೆ ಕೂತು ನಿಮ್ಮ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದಿರಿ. ನಾನು ಹಿಟ್ಟಿನ ಡಬ್ಬಿಗೆ ಆತು ಕೂತು ಪಾಠ ಓದುತ್ತಿದ್ದೆ. ನಾನು ದಿನಾ ಅಲ್ಲೇ ಕೂತು ಓದುತ್ತಿದ್ದದ್ದು ನಿಮಗೆ ನೆನಪಿರಬಹುದು. "ಒಲಿ ಬೆಳಕಿನಾಗ ಓದತೈತಿ ಕೂಸು" ಎಂದು ಅವ್ವ ಮಂದಿಗೆಲ್ಲ ಹೇಳಿಕೊಂಡು ಉಬ್ಬುತ್ತಿದ್ದಳು.

ಕಳೆದ ವಾರ ಆ ಒಗ್ಗರಣೆಯನ್ನು ಇಲ್ಲಿ ನಾನೇ ಮಾಡಲು ಹೋದೆ. ನನ್ನ ಕೋಣೆಯ ಇನ್ನರ್ಧದ ಪಾಲುದಾರ ತಿಕೋಟಾದ ಸಾದಿಕ, ನಿಮಗೆ ಗೊತ್ತಲ್ಲ. ರೊಟ್ಟಿ ಬಡಿಯುವುದರಲ್ಲಿ ಅವನು ನಿಮಗೆ ಎರಡನೆಯವನು. ಅವನ ಅವ್ವ ಚಾಂದಬಿ ಕಾಕು ತಿಂಗಳಿಗೊಮ್ಮೆ ಜೋಳ ಬೀಸಿಸಿ ಡಬ್ಬಿ ತುಂಬ ಹಿಟ್ಟು ಕಳಿಸುತ್ತಾರೆ. ಆ ಡಬ್ಬಿಗೆ ಅವನು ಕೊಡುವ ಮರ್ಯಾದೆ ನನಗೆ ಕೊಟ್ಟಿಲ್ಲ. ಹಿಟ್ಟು ಎಲ್ಲಿಯತನಕ ಇದೆಯೆಂದು ದಿನಾ ಒಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿಡುತ್ತಾನೆ. "ಯಾಕಲೇ, ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು?" ಎಂದರೆ, "ನಿನ್ನ ಮ್ಯಾಲ ಐತಿ, ನಿನ್ನ ಕೈ ಮ್ಯಾಲ ಇಲ್ಲ" ಎನ್ನುತ್ತಾನೆ. ಮನುಷ್ಯರನ್ನು ಓದುವುದರಲ್ಲಿ ಅವನು ಪಾಸು.

ನಿಮ್ಮ ಬುತ್ತಿಯ ರೊಟ್ಟಿ ಮೂರು ಉಳಿದಿದ್ದವು. ಮುರಿದೆ, ಮಜ್ಜಿಗೆ ಚಿಮುಕಿಸಿದೆ, ಎಲ್ಲ ನಿಮ್ಮ ಹಾಗೆಯೇ. ಸಾದಿಕ ಒಂದು ತುತ್ತು ತಿಂದು ಬಹಳ ಹೊತ್ತು ಅಗಿದ. ಆಮೇಲೆ, "ಲೇ ಸಂಗ್ಯಾ, ಇದು ತಿನ್ನೂದೋ, ಗ್ವಾಡಿಗೆ ಮೆತ್ತೂದೋ?" ಎಂದ. ಆದರೂ ಬಿಡಲಿಲ್ಲ, ಇಬ್ಬರೂ ತಿಂದು ಮುಗಿಸಿದೆವು. ನಮ್ಮ ಕೋಣೆಯಲ್ಲಿ ತುತ್ತು ಅನ್ನವೂ ಹೊರಗೆ ಹೋಗುವುದಿಲ್ಲ. 'ಉಳಿಕೆ ಸಂರಕ್ಷಣಾ ಮಂಡಳಿ' ಎಂದು ಬಾಗಿಲಿಗೆ ಚೀಟಿ ಹಚ್ಚಿದ್ದೇನೆ. ನಾನು ಅಧ್ಯಕ್ಷ. ಸಾದಿಕ ಉಳಿದದ್ದೆಲ್ಲ.

ಇನ್ನೊಂದು ಮಾತು. ಈ ಸಲ ಬಸವ ಜಯಂತಿಗೆ ಊರಿಗೆ ಬಂದಿದ್ದೆನಲ್ಲ, ಮರುದಿನ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದರು. ನೀರು ಕುಡಿಯಲು ಒಳಗೆ ಬಂದೆ. ನೀವೊಬ್ಬರೇ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಿರಿ. ತಾಟಿನಲ್ಲಿ ಒಂದಿಷ್ಟು ಅನ್ನ, ಮಜ್ಜಿಗೆ. ರೊಟ್ಟಿಯ ಬುಟ್ಟಿ ಬೋರಲಾಗಿತ್ತು.

"ರೊಟ್ಟಿ ಯಾಕಿಲ್ರಿ ವೈನಿ?"

"ಮುಗದಾವೋ."

"ಒಂದೆರಡ ಬಡಕೋಬೇಕಿಲ್ರಿ?"

"ಬ್ಯಾಡ. ಈಗೀಗ ನನಗ ಅನ್ನಾನ ಸೇರತೈತಿ."

ಬಂದ ಹೊಸದರಲ್ಲಿ, ಅನ್ನ ಉಂಡರೆ ಊಟ ಮಾಡಿದಂತಾಗುವುದಿಲ್ಲ ಎನ್ನುತ್ತಿದ್ದವರು ನೀವು. ನಾನು ನೀರು ಕುಡಿಯದೇ ಹೊರಗೆ ಹೋದೆ.

ಆದ್ದರಿಂದ ಉಳಿಕೆ ಸಂರಕ್ಷಣಾ ಮಂಡಳಿಯ ಅಧ್ಯಕ್ಷನ ಹೈಸಿಯತ್ತಿನಲ್ಲಿ ತಮಗೆ ಆಜ್ಞಾಪಿಸುವುದೇನೆಂದರೆ, ಸೋಮವಾರ ಮುಂಜಾನೆ ಹಸಿರು ಸೀರೆ ಉಟ್ಟುಕೊಂಡು ಸಾಲಿಗೆ ಹೋಗಿ ಹೆಡ್ ಮಾಸ್ತರರಿಗೆ ಹೂಂ ಎನ್ನತಕ್ಕದ್ದು. ನೂರಾ ನಲವತ್ತಕ್ಕೆ ಅಳೆಯುವ ಕೈ ನಿಮಗಿದೆ. ನನಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡಿ. ಕೇಳಿದರೆ ಕೆಳಗೆ ನೋಡಿ.

ಅಣ್ಣನಿಗೆ ನಮಸ್ಕಾರ. ಅವ್ವನಿಗೆ ಕಾಲು ಹಿಡಿದು ನಮಸ್ಕಾರ, ನಾಳೆ ಅದೇ ಕಾಲು ಬೇಕಾಗುತ್ತದೆ. ಕಪ್ಪೆಮ್ಮೆಗೆ ನನ್ನ ಆಶೀರ್ವಾದ, ನನಗಿಂತ ಸಣ್ಣವರು ಮನೆಯಲ್ಲಿ ಅದೊಂದೇ. ನಿಮ್ಮಿಂದ ನನಗೆ ಆಶೀರ್ವಾದ ಈಗಲೇ ಬೇಡ, ಓದಿ ಮುಗಿಸಿದ ಮೇಲೆ ಉಳಿದರೆ ಕೊಡಿ.

ಇತಿ ತಮ್ಮ ಪಾದಸೇವಕ,
ಸಂಗು

ತಾ.ಕ.: ವೈನಿ, ಮೊದಲ ದಿನದ ನಾಲ್ಕು ರೊಟ್ಟಿ ನಿಮ್ಮ ಅಪ್ಪನವು. ಎರಡನೆಯ ದಿನದಿಂದ ಉಳಿದವೆಲ್ಲ ನನ್ನವು. ನೀವು ಐದು ಬಟ್ಟಲು ಅಳೆದು ಹಿಟ್ಟು ನಾದುವ ಪರಾತಕ್ಕೆ ಸುರಿದು, ಎಸರು ಇಳಿಸಲು ಒಲೆಯ ಕಡೆ ತಿರುಗುತ್ತಿದ್ದಿರಿ. ಅಷ್ಟರಲ್ಲಿ ನಾನು ಆರನೆಯದನ್ನು ಹಾಕಿ ಮತ್ತೆ ಪಾಠ ಓದುತ್ತಿದ್ದೆ. ಒಗ್ಗರಣೆಯ ಆಸೆಗೆ. ಆರು ವರ್ಷ.

ನಾನು ಹತ್ತನೆಯ ಇಯತ್ತೆಗೆ ಬಂದಾಗ ನೀವು ಸದ್ದಿಲ್ಲದೆ ನಾಲ್ಕೇ ಬಟ್ಟಲು ಅಳೆಯತೊಡಗಿದಿರಿ, ಬಾಯಲ್ಲಿ ಮಾತ್ರ ಐದು ಎಂದು ಎಣಿಸಿ. ನನಗೆ ಕಂಡಿತು. ನಾನು ಒಂದು ಹಾಕುತ್ತಿದ್ದೆ, ಐದಾಗುತ್ತಿತ್ತು, ಏನೂ ಉಳಿಯುತ್ತಿರಲಿಲ್ಲ. "ಬೈದ ಬೈದ ಕೈ ತಿದ್ದೀನಿ" ಎಂದಳು ಅವ್ವ. ನನಗೆ ಒಗ್ಗರಣೆ ತಪ್ಪಿತು, ಆದರೂ ಹಾಕುವುದನ್ನು ಬಿಡಲಿಲ್ಲ, ಬಿಟ್ಟರೆ ಕಮ್ಮಿ ಬೀಳುತ್ತದೆಂದು. ಆಮೇಲೆ ನಾನು ವಿಜಯಪುರಕ್ಕೆ ಬಂದೆ. ಸಂಗು ಇಲ್ಲವೆಂದು ಅವ್ವ ಒಂದು ಬಟ್ಟಲು ಕಮ್ಮಿ ಹಾಕಲು ಹೇಳಿದಳು. ಬೇಕಾದದ್ದು ನಾಲ್ಕು, ಮತ್ತೆಲ್ಲಿ ಉಳಿದೀತೋ ಎಂದು ನೀವು ಹೆದರಿ ಅಳೆಯುವುದು ಮೂರು, ಕದ್ದು ಹಾಕುವವನು ಊರಲ್ಲಿಲ್ಲ. ಆ ಒಂದು ಬಟ್ಟಲು ಆರು ವರ್ಷದಿಂದ ನಿಮ್ಮ ತಾಟಿನಿಂದ ಹೋಗುತ್ತಿದೆ.

ಬಸ್ಸು ಹತ್ತುವ ದಿನವೇ ಕಮ್ಮಿ ಬೀಳುತ್ತದೆಂದು ನನಗೆ ಗೊತ್ತಿತ್ತು. ಹೇಳಿದರೆ ನೀವು ಬುತ್ತಿ ಕಳಿಸಲಿಕ್ಕಿಲ್ಲ ಎಂದು ಹೇಳಲಿಲ್ಲ. ಆಮೇಲೆ ಮರೆತೆ. ನಿಮ್ಮ ಕೈ ಹೆಚ್ಚಿನ ಕೈಯಲ್ಲ. ಐದೆಂದರೆ ಐದೇ ಅಳೆಯುವ ಕೈ.

ನಾಳೆ ಮೊದಲ ಬಸ್ಸಿಗೆ ಬಂದು ಇದನ್ನು ಅವ್ವನ ಮುಂದೆ, ಶಂಕ್ರೆವ್ವ ಅತ್ತಿಯನ್ನೂ ಕರೆದು, ನಾನೇ ಹೇಳುತ್ತೇನೆ. ಪತ್ರದ ಕೆಳಗೆ ಚೀಲದಲ್ಲಿ ಒಂದು ಬಟ್ಟಲು ಜೋಳದ ಹಿಟ್ಟಿದೆ. ಇವತ್ತು ಅದನ್ನು ನಿಮಗೊಬ್ಬರಿಗೇ ಬಡಿದುಕೊಂಡು, ಬಿಸಿ ಇರುವಾಗಲೇ ಉಣ್ಣಿ.

ಹಿಟ್ಟು ಸಾದಿಕನದು. ಅವನಿಗೆ ಹೇಳಿಲ್ಲ. ಗೆರೆಯನ್ನು ಅಳಿಸಿ ಕೆಳಗೆ ಎಳೆದಿದ್ದೇನೆ.