ಹದಿನೇಳನೇ ಪ್ರಶ್ನೆ

ಮಾರ್ಚ್ 4, ಬೆಳಿಗ್ಗೆ 6.20

ಕಳೆದುಹೋಗಿದ್ದ ಕಾಲುಚೀಲ ಫ್ಯಾನಿನ ಜಾಲರಿಗೆ ಅಂಟಿಕೊಂಡಿತ್ತು. ಇಲ್ಲಿ ಏನು ತೇಲಿಹೋದರೂ ಕೊನೆಗೆ ಸಿಗುವುದು ಅಲ್ಲೇ. ಬಾಹ್ಯಾಕಾಶ ನಿಲ್ದಾಣ ಸೇರಿ ತೊಂಬತ್ತೊಂದು ದಿನ. ಅಂಗಾಲಿನ ದಪ್ಪ ಚರ್ಮವೆಲ್ಲ ಸುಲಿದುಹೋಗಿದೆ — ನಡೆಯುವ ಕೆಲಸವೇ ಇಲ್ಲವಲ್ಲ. ದಿನಕ್ಕೆ ಹದಿನಾರು ಸೂರ್ಯೋದಯ. ಮೊದಲ ವಾರ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಈಗ ಕಿಟಕಿ ಮುಚ್ಚಿಡುತ್ತೇನೆ.

ಬೆಲ್ಟ್ ಬಿಗಿದುಕೊಂಡು ಎರಡು ಗಂಟೆ ಓಟ. ಓಡದಿದ್ದರೆ ಮೂಳೆ ಸವೆಯುತ್ತದೆ. ಆಮೇಲೆ ನೀರಿನ ಯಂತ್ರದ ರಿಪೇರಿ. ಮೂತ್ರ, ಬೆವರು ಎಲ್ಲ ಸೋಸಿ ಮತ್ತೆ ನಾವೇ ಕುಡಿಯುವುದು. ಕಮಾಂಡರರ ಎಂದಿನ ಜೋಕ್: "ನಿನ್ನೆ ಕಾಫೀನೇ ಇವತ್ತಿನ ಕಾಫಿ ಕಣಮ್ಮ, ಹುಷಾರಾಗಿ ಮಾಡು." ಗೊರಕೆರಾಯ — ನಮ್ಮ ಮೂರನೆಯವ — ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ಭಾನುವಾರ ಮನೆಯ ಕರೆ. ಅದೊಂದಕ್ಕೇ ಕಾಯುವುದು.

ಮಾರ್ಚ್ 8, ಭಾನುವಾರ

ತೆರೆಯ ಮೇಲೆ ಅಕ್ಕ ಒಬ್ಬಳೇ. "ಅಪ್ಪ ಮಲಗಿದಾರೆ ಕಣೇ. ಎಬ್ಬಿಸೋದು ಬೇಡ ಅಂತ..."

ಅಪ್ಪ ಪ್ರತಿ ಸಲ ಮೇಜನ್ನು ಮೂರು ಸಲ ತಟ್ಟಿಯೇ ಮಾತು ಶುರು ಮಾಡುವುದು. ಮೂವತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಲಿಫ್ಟ್ ಕೆಟ್ಟು ಒಳಗೆ ಜನ ಸಿಕ್ಕಿಕೊಂಡರೆ ಮೊದಲು ಬಾಗಿಲನ್ನು ಮೂರು ಸಲ ತಟ್ಟಬೇಕು, ಆಮೇಲೆ ನಿಜ ಹೇಳಬೇಕು. ಅದು ಅವರ ನಿಯಮ. "ಒಂದು ಗಂಟೆ ಆಗತ್ತೆ ಅಂದ್ರೆ ಒಂದು ಗಂಟೆ ಅನ್ನು. ಈಗ ಸರಿಹೋಗತ್ತೆ ಅಂತ ಕಾಗೆ ಹಾರಿಸಬೇಡ. ಒಳಗೆ ಸಿಕ್ಕೊಂಡಿರೋರಿಗೆ ಸುಳ್ಳು ಹೇಳಬಾರದು."

ಇವತ್ತು ಯಾರೂ ತಟ್ಟಲಿಲ್ಲ.

ಮಾರ್ಚ್ 15, ಭಾನುವಾರ

ಇವತ್ತೂ ಅಕ್ಕನೇ. ಅಪ್ಪನಿಗೆ ಗಂಟಲು ಕಟ್ಟಿದೆಯಂತೆ. ಮೇಜು ತಟ್ಟುವುದಕ್ಕೆ ಗಂಟಲು ಯಾಕೆ ಬೇಕು?

ಅವಳ ಹಿಂದೆ ಫ್ರಿಜ್ಜಿನ ಮೇಲೆ ಅಪ್ಪನ ಕನ್ನಡಕ. ಮಡಿಸಿ ಇಟ್ಟಿತ್ತು. ಕನ್ನಡಕವಿಲ್ಲದೆ ಅಪ್ಪ ಬಚ್ಚಲಿಗೂ ಹೋಗುವವರಲ್ಲ.

"ಅಪ್ಪನ ಕನ್ನಡಕ ಅಲ್ಯಾಕಿದೆ?"

"ಅದಾ? ಹಳೇದು ಕಣೇ. ನಿಂದು ಊಟ ಆಯ್ತಾ?" ಓಲೆ ತಿರುಗಿಸುತ್ತಿದ್ದಳು. ಚಿಕ್ಕಂದಿನಿಂದಲೂ ಅಷ್ಟೇ, ಸುಳ್ಳು ಹೇಳುವಾಗ ಅಕ್ಕನ ಕೈ ಕಿವಿಗೆ ಹೋಗುತ್ತದೆ.

ಹೋದ ವರ್ಷವಷ್ಟೇ ಸ್ಟೆಂಟ್ ಹಾಕಿಸಿಕೊಂಡ ಎದೆ ಅಪ್ಪನದು.

ಆಗ ನೆನಪಾಯಿತು, ಫಾರಂ.

ಮಾರ್ಚ್ 16, ಬೆಳಿಗ್ಗೆ

ಹೊರಡುವ ಮುಂಚೆ ಎಲ್ಲರಿಂದಲೂ ಫಾರಂ ತುಂಬಿಸಿಕೊಳ್ಳುತ್ತಾರೆ. ಹದಿನೇಳನೇ ಪ್ರಶ್ನೆ: ನೀವು ಮೇಲಿರುವಾಗ ಮನೆಯಲ್ಲಿ ಸಾವು ಸಂಭವಿಸಿದರೆ ಕೂಡಲೇ ತಿಳಿಸಬೇಕೆ, ಇಳಿದ ಮೇಲೆ ತಿಳಿಸಬೇಕೆ? 'ಇಳಿದ ಮೇಲೆ' ಅಂತ ಟಿಕ್ ಹಾಕಿದೆ. ಎರಡು ಸೆಕೆಂಡೂ ಯೋಚಿಸಲಿಲ್ಲ. ವಾಪಸಾಗುವ ನೌಕೆ ಒಂದೇ, ಸೀಟು ಮೂರು. ಒಬ್ಬರು ಇಳಿದರೆ ಮೂವರೂ ಇಳಿಯಬೇಕು, ನಿಲ್ದಾಣ ಖಾಲಿ. ಬರಲಾಗದ ಮೇಲೆ ತಿಳಿದು ಏನು ಮಾಡುವುದು ಎಂದುಕೊಂಡೆ. ದೊಡ್ಡ ಧೈರ್ಯವಂತೆ!

ಮನೆಯವರು ಸುಮ್ಮನಿದ್ದಾಗಲೆಲ್ಲ ಸಾವನ್ನೇ ಶಂಕಿಸಬೇಕಾಗುತ್ತದೆ ಎಂದು ಆಗ ಹೊಳೆಯಲೇ ಇಲ್ಲ.

ಸಂಜೆ

ಭೂಮಿಯಿಂದ ನಮ್ಮನ್ನು ನೋಡಿಕೊಳ್ಳುವ ಡಾಕ್ಟರ ಜೊತೆ ಖಾಸಗಿ ಲೈನಿನಲ್ಲಿ ಮಾತಾಡಿದೆ.

"ಅಪ್ಪ ಇದಾರಾ ಡಾಕ್ಟ್ರೇ? ಹೂಂ, ಊಹೂಂ, ಅಷ್ಟು ಹೇಳಿ ಸಾಕು."

"ಹೇಳೋ ಹಾಗಿಲ್ಲಮ್ಮ. ಚೆನ್ನಾಗಿದಾರೆ ಅಂತ ಇವತ್ತು ಹೇಳಿದ್ರೆ, ಹೇಳದೇ ಇರೋ ದಿನ ನಿಮಗೆ ಗೊತ್ತಾಗಿಬಿಡತ್ತೆ. ಅದಕ್ಕೇ ಯಾರಿಗೂ ಏನೂ ಹೇಳಲ್ಲ. ಉತ್ತರ ಬದಲಾಯಿಸ್ತೀರಾ, ಬದಲಾಯಿಸಿ. ಆದ್ರೆ ಹೊರಗಿನ ಕೆಲಸ ಮುಗಿಸಿದ ಮೇಲೆ."

ನಿಲ್ದಾಣದ ಹೊರಗೆ ತೇಲುತ್ತಾ ಮಾಡುವ ಆ ಕೆಲಸ ಹತ್ತೊಂಬತ್ತಕ್ಕೆ. ತಂಪು ಮಾಡುವ ಪಂಪ್ ಬದಲಿಸಬೇಕು. ಕೆಟ್ಟ ಸುದ್ದಿ ಕೇಳಿದ ಕೈಗೆ ಸ್ಪ್ಯಾನರ್ ಕೊಡುವುದಿಲ್ಲ ಅವರು.

ಮಾರ್ಚ್ 20

ನಿನ್ನೆ ಆರೂವರೆ ಗಂಟೆ ಹೊರಗಿದ್ದೆ. ಕೈಗವಸಿನೊಳಗೆ ಎರಡು ಉಗುರು ಕಪ್ಪಾಗಿವೆ. ಮಧ್ಯೆ ನಮ್ಮೂರು ಕೆಳಗೆ ಹಾದುಹೋಯಿತು. ನಿಲ್ದಾಣ ಆಕಾಶದಲ್ಲಿ ಕಾಣುವ ಸಂಜೆಗಳಲ್ಲಿ ಅಪ್ಪ ತಾರಸಿ ಹತ್ತಿ ಟಾರ್ಚ್ ಆಡಿಸುತ್ತಿದ್ದರು. "ಕಾಣಿಸ್ತೇನೇ?" ಎಂದು ಭಾನುವಾರ ಕೇಳುತ್ತಿದ್ದರು. ಕಾಣಿಸಿತಪ್ಪ ಎನ್ನುತ್ತಿದ್ದೆ. ಒಂದು ದಿನವೂ ಕಂಡಿಲ್ಲ. ಕಾಗೆ ಹಾರಿಸಿದವಳು ನಾನೂ ಹೌದು.

ಇಲ್ಲಿ ಕಣ್ಣೀರು ಕೆಳಗೆ ಇಳಿಯುವುದಿಲ್ಲ. ಗುಳ್ಳೆಯಾಗಿ ಕಣ್ಣಿಗೇ ಅಂಟಿಕೊಂಡು ಉರಿಯುತ್ತದೆ. ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳಲು ಕೈಯೂ ಹೋಗದು. ಹಲ್ಲು ಕಚ್ಚಿ ಹನ್ನೆರಡು ಬೋಲ್ಟ್ ಬಿಗಿದೆ.

ಒಳಗೆ ಬಂದವಳೇ ಫಾರಂ ಕೇಳಿದೆ. ಕಮಾಂಡರ್ ಕೊಡುವ ಮುಂಚೆ ತಡೆದರು.

"ಒಂದ್ಸಲ ಕೇಳಿದ ಮೇಲೆ ಕೇಳೇ ಇಲ್ಲ ಅನ್ನೋಕಾಗಲ್ಲಮ್ಮ. ಇನ್ನೂ ಮೂರು ತಿಂಗಳು ಇಲ್ಲೇ ಇರಬೇಕು."

"ಗೊತ್ತು ಸರ್. ಆದ್ರೆ ನಮ್ಮಪ್ಪ ಈಗ ನನ್ನ ತಲೇಲಿ ದಿನಾ ಸಾಯ್ತಿದಾರೆ."

ಅವರು ಫಾರಂ ಕೊಟ್ಟರು. 'ಕೂಡಲೇ' ಎಂದು ಟಿಕ್ ಹಾಕಿದೆ.

ಮಾರ್ಚ್ 21

ಸುದ್ದಿ ಇಲ್ಲ. ಏನೂ ಆಗಿಲ್ಲವೇನೋ... ಅಥವಾ ಯಾರು ಹೇಳುವುದು ಎಂದು ಅಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೋ. ಗೊರಕೆರಾಯ ತನ್ನ ಕೊನೆಯ ಚಾಕೊಲೇಟನ್ನು ನನ್ನ ಕಡೆ ತೇಲಿಬಿಟ್ಟ. ತಿನ್ನಲಾಗಲಿಲ್ಲ.

ಮಾರ್ಚ್ 22, ಭಾನುವಾರ, 11.40

ಕರೆ ಇದ್ದದ್ದು ಮೂರು ಗಂಟೆಗೆ. ಈಗಲೇ ಕೊಡುತ್ತಾರಂತೆ. ಕಮಾಂಡರ್ ಗೊರಕೆರಾಯನನ್ನು ಕರೆದುಕೊಂಡು ಆಚೆ ಹೋದರು. ಹೋಗುವಾಗ ನನ್ನ ತಲೆ ಮುಟ್ಟಿದರು. ಪೆನ್ನು ಬಿಡುವುದಿಲ್ಲ, ಕೈಗೆ ಏನಾದರೂ ಹಿಡಿತ ಬೇಕು.

ಅಕ್ಕ ಬಂದಳು. ಅಪ್ಪನ ಕುರ್ಚಿಯಲ್ಲಿ ಕೂತಿದ್ದಾಳೆ. ಓಲೆ ಮುಟ್ಟುತ್ತಿಲ್ಲ.

ಬೆರಳು ಮಡಿಸಿ ಮೇಜನ್ನು ತಟ್ಟಿದಳು. ಒಂದು. ಎರಡು. ಮೂರು.

"ಕೇಳಿಸ್ಕೋ ಪುಟ್ಟಿ," ಎಂದಳು. "ಅಪ್ಪ..."