ಹಿಂದಿನ ಸೀಟಿಗೆ ತಿರುಗಿದ ಕನ್ನಡಿ

ನವೆಂಬರ್ ಕೊನೆಯ ಭಾನುವಾರ
ಮಧ್ಯಾಹ್ನ, ಊಟವಾದ ಮೇಲೆ

ಮನೆಯಲ್ಲಿಲ್ಲದ ಮನೆ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಅಂದುಕೊಳ್ಳುತ್ತೇನೆ. ಇಲ್ಲದಿದ್ದರೂ ನೀವು ಬಾಯಿ ಬಿಟ್ಟು ಹೇಳುವವರಲ್ಲ. ನಿಮ್ಮ ಪತ್ರ ಬಂತು, ಅದರೊಳಗಿನ ಮಾರಾಟದ ಕಾಗದವೂ ಬಂತು. ಕಾರು ಇಬ್ಬರ ಹೆಸರಿನಲ್ಲಿರುವುದರಿಂದ ನನ್ನ ಸಹಿಯೂ ಬೇಕೆಂದು ಬರೆದಿದ್ದೀರಿ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಬೇರೆ ಮಾಡಿದ್ದೀರಿ, ನಾನೇನೋ ಎಳೆ ಮಗು ಅನ್ನುವ ಹಾಗೆ. ಕಾಗದವನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೇನೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಯಾಕೆಂದು ಹೇಳುತ್ತೇನೆ. ನಿಂತುಕೊಂಡು ಓದಬೇಡಿ, ಕೂತು ಓದಿ. ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳುವ ನಿಮ್ಮ ಅಭ್ಯಾಸ ಈ ಒಂದು ಪತ್ರಕ್ಕೆ ಬೇಡ.

ಹೋದ ವರ್ಷ ನೀವೇ ಅಲ್ಲವೇ ಬರೆದದ್ದು, ‘ಶೆಡ್ಡಲ್ಲಿ ನಿಂತು ತುಕ್ಕು ಹಿಡಿದ್ರೆ ಹಳೇ ಕಾರನ್ನ ಯಾರೂ ಮೂಸಿ ನೋಡಲ್ಲ, ಕ್ಲಬ್ಬಿಗೆ ತಗೊಂಡು ಹೋಗು, ಓಡ್ತಾ ಇದ್ರೆ ಗಿರಾಕಿ ಸಿಗ್ತಾನೆ’ ಅಂತ? ಐದು ವರ್ಷದ ಕೂಸನ್ನು ಜ್ವರ ಒಯ್ದ ಮೇಲೆ ಶೆಡ್ಡಿಗೆ ಬೀಗ ಜಡಿದವರು ನೀವು. ಆಮೇಲೆ ದೂರದ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದವರೂ ನೀವು. ಮೂರು ವರ್ಷ ಆ ಕಾರು ಒಂದು ಗೇಣೂ ಕದಲಲಿಲ್ಲ. ನಾನು ಬೀಗ ತೆಗೆದದ್ದು ನಿಮ್ಮ ಮಾತಿನ ಮೇಲೆಯೇ.

ಸೇರಬೇಕು ಸೇರಬೇಕು ಅನ್ನುತ್ತಲೇ ನೀವು ಸೇರದೆ ಉಳಿದ ಆ ಕ್ಲಬ್ಬಿಗೆ ಜನವರಿಯಲ್ಲಿ ಹೀಗೆ ನಾನು ಸೇರಿದೆ. ಮಂದಿ ಒಳ್ಳೆಯವರು, ಸ್ವಲ್ಪ ತಿಕ್ಕಲು. ಹೆಂಡತಿಯ ಹುಟ್ಟಿದ ತಾರೀಕು ಮರೆಯುತ್ತಾರೆ, ಕಾರಿನದನ್ನು ಮರೆಯುವುದಿಲ್ಲ. ನಮ್ಮ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ತರು, ಒಂಟಿ ಜೀವ. ಅವರು ತಂದ ಪದ್ಧತಿಯೊಂದಿದೆ. ತಿಂಗಳಿಗೊಂದು ಭಾನುವಾರ ಎಲ್ಲರೂ ಸಾಲಾಗಿ ಊರ ಹೊರಗಿನ ಕೆರೆಯವರೆಗೆ ಹೋಗುವುದು. ಅಲ್ಲಿ ಎಲ್ಲರ ಬೀಗದ ಕೈಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಕುಲುಕುವುದು. ಯಾರ ಕೈಗೆ ಯಾರದು ಬಂತೋ ಆ ಕಾರನ್ನು ಓಡಿಸಿಕೊಂಡು ವಾಪಸು ಬರುವುದು. ಬಂದ ಮೇಲೆ ಚಹಾ ಕುಡಿಯುತ್ತ, ತಾನು ಓಡಿಸಿದ ಕಾರಿನ ಒಂದು ದೋಷವನ್ನು ಮುಲಾಜಿಲ್ಲದೆ ಹೇಳುವುದು. ನಮ್ಮದರ ದೋಷಕ್ಕೆ ನಾವು ಕುರುಡರು, ಪರರಿಗೆ ಕಾಣುತ್ತದೆ ಎಂಬುದು ಅವರ ಪಾಠ.

ಮೊದಲ ತಿಂಗಳು ನಮ್ಮ ಕಾರು ಹಲ್ಲಿನ ಡಾಕ್ಟರ ಪಾಲಿಗೆ ಬಂತು. ಅವರು ಚಹಾ ಊದುತ್ತ ಹೇಳಿದ್ದಿಷ್ಟು: ‘ಎಂಜಿನ್ ಬೆಣ್ಣೆ ಹಂಗಿದೆ ಮೇಡಂ. ಒಳಗಿನ ಕನ್ನಡಿ ಮಾತ್ರ ನಿಲ್ಲಲ್ಲ. ಎಷ್ಟು ಸಲ ಸರಿ ಮಾಡಿದ್ರೂ ಕೆಳಕ್ಕೆ ಜಾರಿ ಹಿಂದಿನ ಸೀಟನ್ನೇ ತೋರಿಸುತ್ತೆ.’

ನಾನು ನಕ್ಕುಬಿಟ್ಟೆ. ನಿಮಗೂ ನೆನಪಿರಬೇಕಲ್ಲ. ನಿಮ್ಮ ಕನ್ನಡಿ ಯಾವತ್ತು ತಾನೆ ರಸ್ತೆ ತೋರಿಸಿತ್ತು? ಕೂತಲ್ಲಿ ಕೂರದ ಮಗಳಿಗೆ ಬುಗುರಿ ಎಂದು ಹೆಸರಿಟ್ಟು, ಅವಳ ಮೇಲೆ ಕಣ್ಣಿಡಲಿಕ್ಕೆ ಕನ್ನಡಿಯನ್ನು ಹಿಂದಿನ ಸೀಟಿನ ನಡುವಿಗೆ ಬಗ್ಗಿಸಿಟ್ಟಿದ್ದಿರಿ. ಹಿಂದೆ ಬರುವ ಲಾರಿ ಕಾಣುವುದಿಲ್ಲವೆಂದು ನಾನು ಬಯ್ದರೆ, ಹಾರ್ನ್ ಇದೆಯಲ್ಲ ಅನ್ನುತ್ತಿದ್ದಿರಿ. ಮುಂದೆ ಕೂರುತ್ತೇನೆಂದು ಅವಳು ಹಟ ಹಿಡಿದಾಗಲೆಲ್ಲ ನಿಮ್ಮದು ಒಂದೇ ಮಾತು: ‘ಮುಂದಿನ ಸೀಟಿನ ಬೆನ್ನಿಗಿಂತ ನಿನ್ನ ಗಲ್ಲ ಮೇಲೆ ಬರಲಿ, ಆಗ ಮುಂದೆ.’ ಪಾಪ, ಅದು ಇಡೀ ದಾರಿ ಕತ್ತು ಚಾಚಿಕೊಂಡು ಕೂರುತ್ತಿತ್ತು.

ಹಳೆಯ ಕೀಲು, ಸಡಿಲವಾಗಿದೆ ಅಂದುಕೊಂಡು ಗ್ಯಾರೇಜಿನಲ್ಲಿ ಬಿಗಿ ಮಾಡಿಸಿದೆ. ಮೆಕ್ಯಾನಿಕ್ ಇಡೀ ಭಾರ ಹಾಕಿ ಎಳೆದು ತೋರಿಸಿದ, ಅಲುಗಲಿಲ್ಲ. ಮುಂದಿನ ತಿಂಗಳು ಡಬ್ಬಿಯಿಂದ ನಮ್ಮ ಬೀಗದ ಕೈ ತೆಗೆದದ್ದು ಬೇಕರಿಯ ಯಜಮಾನಿ. ಆಕೆ ಕನ್ನಡಿಯ ಸುದ್ದಿ ಎತ್ತಿದ್ದು ಆಮೇಲೆ. ಮೊದಲು ಹೇಳಿದ್ದು ಸೀಟಿನ ಸುದ್ದಿ.

‘ಹಿಂದಿನಿಂದ ಯಾರೋ ಮೆತ್ತಗೆ ಒದೀತಿದ್ದ ಹಾಗಿತ್ತು ಕಣ್ರೀ. ಟಪ್, ಟಪ್. ಮನೇಲಿ ಮೊಮ್ಮಕ್ಕಳಿದ್ದಾರೆ ನೋಡಿ, ನಂಗೆ ಗೊತ್ತಿಲ್ದೆ ಸುಮ್ನೆ ಕೂರೇ ಅಂದ್ಬಿಟ್ಟೆ. ನಿಂತ್ಹೋಯ್ತು!’

ಎಲ್ಲರೂ ನಕ್ಕರು. ನಾನು ಕಾರನ್ನು ನೆಟ್ಟಗೆ ಗ್ಯಾರೇಜಿಗೆ ಒಯ್ದೆ. ಸೀಟು ಬಿಚ್ಚಿಸಿ ನೋಡಿಸಿದೆ. ಸ್ಪ್ರಿಂಗುಗಳು ಹೊಸದರ ಹಾಗಿದ್ದವು.

ಅವತ್ತಿನಿಂದ ಕಾರನ್ನು ಶೆಡ್ಡಿಗೆ ಸೇರಿಸಿದ ಮೇಲೆ ನಾನು ಕನ್ನಡಿ ಮುಟ್ಟುವುದನ್ನು ಬಿಟ್ಟೆ. ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ನಿಲ್ಲಲಿ ಎಂದು, ಪ್ರತಿ ಸಲವೂ ಕೀಲಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಬಂದೆ. ಏಪ್ರಿಲ್ ಹೊತ್ತಿಗೆ ಅನುಮಾನ ಬಂತು, ಮೇ ತಿಂಗಳಲ್ಲಿ ಖಾತ್ರಿಯಾಯಿತು. ಕನ್ನಡಿ ಮೊದಲು ನಿಂತ ಜಾಗಕ್ಕೆ ಬರುತ್ತಿರಲಿಲ್ಲ. ಪ್ರತಿ ಓಟ ಮುಗಿದಾಗಲೂ ಒಂದು ಕೂದಲೆಳೆಯಷ್ಟು ಮೇಲಕ್ಕೆ ನಿಲ್ಲುತ್ತಿತ್ತು.

ನಾನು ಶಾಲೆಯ ಸಮವಸ್ತ್ರ ಹೊಲಿದು ಬದುಕುವವಳು. ಅಳೆಯದೆ ನನಗೆ ಏನೂ ನಂಬಿಕೆಯಾಗುವುದಿಲ್ಲ. ಹಾಡುಹಗಲೇ ಬಟ್ಟೆ ಅಂಗಡಿಯಿಂದ, ಮಕ್ಕಳ ಉಡುಪು ತೊಡಿಸಿಡುವ ತಲೆಯಿಲ್ಲದ ಗೊಂಬೆಯನ್ನು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದೆ. ನಾನು ನಿಮ್ಮ ಜಾಗದಲ್ಲಿ ಕೂತು, ಅದರ ಕತ್ತು ಕನ್ನಡಿಯ ನಟ್ಟನಡುವೆ ಬರುವವರೆಗೆ ಅಡಿಯಲ್ಲಿ ದಿಂಬು ಜೋಡಿಸಿ, ಟೇಪು ಹಿಡಿದೆ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ ಎಲ್ಲ ನೋಡಿದಳು. ತಲೆಯಿಲ್ಲದ ಗೊಂಬೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದೆನೆಂದು ಬೀದಿಗೆಲ್ಲ ಸಾರಿದ್ದಾಳೆ. ಮಾತಾಡುತ್ತಿದ್ದೆನೋ ಏನೋ, ನನಗೆ ನೆನಪಿಲ್ಲ.

ಮಗು ಕೂತರೆ ಎಷ್ಟು, ನಿಂತರೆ ಎಷ್ಟು ಎಂಬ ಲೆಕ್ಕ ನನ್ನ ಬೆರಳ ತುದಿಯಲ್ಲಿದೆ. ಮೊದಲ ಗುರುತಿನಲ್ಲಿ ಕನ್ನಡಿ ನೋಡುತ್ತಿದ್ದದ್ದು ಐದು ವರ್ಷದ ಮಗುವಿನ ಮುಖವನ್ನು. ಮೇ ತಿಂಗಳದ್ದು ನೋಡುತ್ತಿದ್ದದ್ದು ಒಂದನೇ ಕ್ಲಾಸು ಮುಗಿಸಿದವಳನ್ನು.

ಮಳೆಗಾಲದಲ್ಲಿ ಕೆರೆಯ ದಾರಿಯ ಸೇತುವೆ ರಿಪೇರಿಗೆ ಬಂದು ಎರಡು ತಿಂಗಳು ಓಟ ನಿಂತಿತು. ಆ ಎರಡು ತಿಂಗಳು ಕನ್ನಡಿ ಅಲುಗಲಿಲ್ಲ. ಸೇತುವೆ ತೆರೆದ ಮೊದಲ ಓಟಕ್ಕೇ ಮತ್ತೆ ಏರಿತು. ಅಲ್ಲಿಗೆ ನನಗೆ ತಿಳಿಯಿತು, ಕಾರು ಓಡಿದರೆ ಅವಳು ಬೆಳೆಯುತ್ತಾಳೆ. ಮೂರು ವರ್ಷ ನೀವು ಬೀಗ ಹಾಕಿ ನಿಲ್ಲಿಸಿದ್ದಿರಲ್ಲ, ಕತ್ತಲೆ ಶೆಡ್ಡಿನಲ್ಲಿ ಐದು ವರ್ಷದವಳಾಗಿಯೇ ಕೂತಿದ್ದಾಳೆ. ಸೀಟಿಗೆ ಒದೆಯುವುದು ಈಗ ನಿಂತಿದೆ. ಆ ವಯಸ್ಸು ದಾಟಿದರೆ ಮಕ್ಕಳು ಬಿಡುತ್ತಾರೆ.

ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದೀರಿ. ನಾನೂ ಅಂದುಕೊಂಡಿದ್ದೆ, ಸೆಪ್ಟೆಂಬರಿನವರೆಗೆ.

ಸೆಪ್ಟೆಂಬರಿನಲ್ಲಿ ನಮ್ಮ ಕಾರು ಹೆಡ್ಮಾಸ್ತರ ಕೈಗೆ ಬಂತು. ಅವರ ಹಿಂದೆಯೇ ಬಂದ ಹಲ್ಲಿನ ಡಾಕ್ಟರು ಇಳಿದವರೇ ನನ್ನ ಹತ್ತಿರ ಬಂದು, ‘ಅಧ್ಯಕ್ಷರಿಗೆ ಏನಾಗಿದೆ ಮೇಡಂ? ದಾರಿಯುದ್ದಕ್ಕೂ ಒಬ್ರೇ ಮಾತಾಡ್ತಿದ್ರು, ತಲೆ ಆಡಿಸ್ತಿದ್ರು, ನಗ್ತಿದ್ರು’ ಅಂದರು. ಹೆಡ್ಮಾಸ್ತರು ನಕ್ಕದ್ದನ್ನು ಕ್ಲಬ್ಬಿನಲ್ಲಿ ಯಾರೂ ಕಂಡವರಿಲ್ಲ. ದೋಷ ಹೇಳುವ ಸರದಿ ಬಂದಾಗ ಅವರು ಚಹಾದ ಕಪ್ಪು ಹಿಡಿದುಕೊಂಡು, ಬಹಳ ಪ್ರೀತಿಯಿಂದ ನನ್ನನ್ನು ನೋಡಿ ಕೇಳಿದರು: ‘ಎಷ್ಟನೇ ಕ್ಲಾಸಮ್ಮ ಈಗ?’

ಯಾರು ಎಂದು ನಾನು ಕೇಳಿದೆ. ನನಗೆ ಮಗಳಿದ್ದಳೆಂದು ಆ ಕ್ಲಬ್ಬಿನಲ್ಲಿ ಒಬ್ಬರಿಗೂ ಹೇಳಿಲ್ಲ ರೀ, ನಿಮ್ಮಾಣೆ. ಅವರು ಕಪ್ಪಿನೊಳಗೆ ನೋಡಿದರು, ಕಿಟಕಿಯ ಕಡೆ ನೋಡಿದರು. ‘ಏನೋ ಯೋಚನೇಲಿದ್ದೆ, ಬಿಡಿ’ ಎಂದು ಎದ್ದುಹೋದರು. ಆ ತಿಂಗಳು ನಮ್ಮ ಕಾರಿಗೆ ಯಾವ ದೋಷವೂ ಬರಲಿಲ್ಲ.

ವಾರ ಕಳೆಯುವುದರೊಳಗೆ ಮನೆಗೆ ಬಂದು, ಕಾರು ಕೊಡುತ್ತೀರಾ ಎಂದು ಕೇಳಿದರು. ಇಲ್ಲವೆಂದೆ. ಮತ್ತೆ ಬಂದರು. ‘ನನ್ನ ಮನೇಲಿ ಮಾತಾಡೋರೇ ಇಲ್ಲಮ್ಮ’ ಅಂದರು. ಆಗಲೂ ಇಲ್ಲವೆಂದೆ. ಈಗ ನಿಮ್ಮ ವಿಳಾಸ ಹುಡುಕಿ ನಿಮಗೆ ಬರೆದಿದ್ದಾರೆ. ನೀವು ಸಂತೋಷದಿಂದ ಬರೆದಿರುವ ‘ಒಳ್ಳೇ ಗಿರಾಕಿ’ ಅವರೇ. ಕೆಟ್ಟ ಮನುಷ್ಯರಲ್ಲ, ಅದೇ ನನ್ನ ಭಯ. ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ದಿನಾ ಓಡಿಸುತ್ತಾರೆ. ಅವಳು ಅವರ ಮನೆಯಲ್ಲಿ ದೊಡ್ಡವಳಾಗುತ್ತಾಳೆ, ಅವರನ್ನು ನೋಡುತ್ತ.

ಈ ತಿಂಗಳ ಮೊದಲಲ್ಲಿ ಕ್ಲಬ್ಬಿನ ವಾರ್ಷಿಕ ಪ್ರದರ್ಶನವಾಯಿತು. ಮೈದಾನದ ತುಂಬ ಕಾರುಗಳು, ಬೇರೆ ಊರಿನಿಂದ ಬಂದ ಪರೀಕ್ಷಕರು. ನಮ್ಮ ಕಾರಿಗೆ ಬಹುಮಾನದ ಕಪ್ಪು ಖಾತ್ರಿ ಎಂದು ಎಲ್ಲರೂ ಹೇಳಿದ್ದರು. ಬೆಳಿಗ್ಗೆ ಗಾಜುಗಳನ್ನೆಲ್ಲ ನಾನೇ ಒರೆಸಿ ಬಾಗಿಲಿಗೆ ಬೀಗ ಹಾಕಿದ್ದೆ. ಪರೀಕ್ಷಕರು ಒಂದು ಸುತ್ತು ಬಂದು, ಹಿಂದಿನ ಕಿಟಕಿಯ ಹತ್ತಿರ ನಿಂತು ಮುಖ ಗಂಟಿಕ್ಕಿದರು. ‘ಮಕ್ಕಳನ್ನ ಒಳಗೆ ಬಿಡಬೇಡಿ ಅಂತ ಬೋರ್ಡೇ ಹಾಕಿದ್ದೀವಲ್ಲ ಮೇಡಂ’ ಅಂದರು.

ಗಾಜಿನ ಮೇಲೆ ಒಂದು ಕೈಯ ಗುರುತು, ಐದೂ ಬೆರಳು ಅಗಲಿಸಿ ಒತ್ತಿದ್ದು. ನಾನು ಹೊರಗಿನಿಂದ ಬಟ್ಟೆ ಆಡಿಸಿದೆ, ಹೋಗಲಿಲ್ಲ. ಒಳಗಿನದು. ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಜ್ವರದ ಆ ವಾರವೆಲ್ಲ ಹಿಡಿದುಕೊಂಡಿದ್ದ ಕೈ ರೀ ಅದು, ಅದರ ಅಳತೆ ನನಗೆ ಮರೆಯುತ್ತದೆಯೇ? ಇದು ಅದಕ್ಕಿಂತ ದೊಡ್ಡದು. ಒಳಗಿನಿಂದ ಒರೆಸಿದರೆ ಅಂಕ ಕಳೆಯುವುದಿಲ್ಲ ಎಂದರು. ನಾನು ಒರೆಸಲಿಲ್ಲ. ಕಪ್ಪು ಬೇಕರಿಯಾಕೆಗೆ ಹೋಯಿತು.

ಇನ್ನೂ ಒಂದನ್ನು ಇಷ್ಟು ಹೊತ್ತು ಮುಚ್ಚಿಟ್ಟೆ. ಅವಳಿಗೆಂದು ಹೊಲಿದ ಕೊನೆಯ ಫ್ರಾಕು, ಹಳದಿಯದು. ಬೆಳೆಯುವ ಮಕ್ಕಳೆಂದು ಕೆಳಗೆ ಮಡಿಕೆ ಜಾಸ್ತಿ ಬಿಡುತ್ತೇನಲ್ಲ, ಇದಕ್ಕೂ ಬಿಟ್ಟಿದ್ದೆ. ನೀವು ಹೊರಟಾಗ ಯಾರಿಗಾದರೂ ಕೊಟ್ಟುಬಿಡು ಅಂದಿದ್ದಿರಿ, ಕೊಟ್ಟೆ ಎಂದು ಹೇಳಿದ್ದೆ. ಕೊಟ್ಟಿಲ್ಲ. ಈ ವರ್ಷ ಕನ್ನಡಿ ಏರಿದ ಹಾಗೆಲ್ಲ ಮಡಿಕೆ ಬಿಚ್ಚುತ್ತ ಬಂದಿದ್ದೇನೆ. ಅದನ್ನು ಹಿಂದಿನ ಸೀಟಿನ ಮೇಲೆ ಇಡುತ್ತೇನೆ. ಈಗ ಬಿಚ್ಚಲು ಬಟ್ಟೆ ಉಳಿದಿಲ್ಲ, ಹೊಸದು ಹೊಲಿಯಬೇಕು. ಯಾವ ಬಣ್ಣ ಎಂದು ನಿಮ್ಮನ್ನು ಕೇಳಬೇಕೆನಿಸಿತು.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಮಗಳು ನಿಮ್ಮೊಬ್ಬರಿಗೇ ಸತ್ತ ಹಾಗೆ ಗಂಟುಮೂಟೆ ಕಟ್ಟಿದಿರಿ. ನಾನು ಇದೇ ಮನೆಯಲ್ಲಿ, ಇದೇ ಯಂತ್ರದ ಮುಂದೆ, ಬೇರೆಯವರ ಮಕ್ಕಳ ಬಟ್ಟೆಗೆ ಕಾಜಾ ಹಾಕುತ್ತ ಉಳಿದೆ. ಆದರೂ ಕರೆಯುತ್ತಿದ್ದೇನೆ, ಬನ್ನಿ. ಕನ್ನಡಿ ನಿಮ್ಮ ಎತ್ತರಕ್ಕೆ ನಿಂತಿದೆ, ನನ್ನ ಎತ್ತರಕ್ಕಲ್ಲ. ಅವಳನ್ನು ಸರಿಯಾಗಿ ನೋಡಬೇಕೆಂದರೆ ನಾನು ಕುತ್ತಿಗೆ ನಿಮಿರಿಸಬೇಕು. ಅವಳು ನೋಡುತ್ತಿರುವುದು ಯಾರನ್ನೆಂದು ನನಗೆ ಗೊತ್ತು, ಅದಕ್ಕೆ ನನಗೆ ಹೊಟ್ಟೆಕಿಚ್ಚೂ ಆಗಿದೆ. ಬೆಳೆದವಳು ಒಂದು ದಿನ ಬಾಗಿಲು ತೆಗೆದು ಇಳಿದುಹೋಗುತ್ತಾಳೆ, ಅದೂ ಗೊತ್ತು. ಅಷ್ಟರೊಳಗೆ ಬನ್ನಿ.

ಹೆಡ್ಮಾಸ್ತರಿಗೆ ಇಲ್ಲವೆಂದು ನೀವೇ ಬರೆದುಬಿಡಿ. ನಾನು ಬರೆದರೆ ಅವರು ಕೇಳುವುದಿಲ್ಲ. ದಿನಾ ಸಂಜೆ ನಮ್ಮ ಶೆಡ್ಡಿನ ಎದುರಿನ ಫುಟ್‌ಪಾತಿನಲ್ಲಿ ಬಂದು ನಿಲ್ಲುತ್ತಾರೆ.

ಸಿಟ್ಟನ್ನೂ ನಿಮ್ಮನ್ನೂ ಇನ್ನೂ ಬಿಡದ,
ಬುಗುರಿಯ ಅಮ್ಮ

ತಾ.ಕ.: ಇದನ್ನು ಅಂಚೆಪೆಟ್ಟಿಗೆಗೆ ಹಾಕಲೆಂದೇ ಕಾರು ತೆಗೆದಿದ್ದೆ. ಸಹಿಯಿಲ್ಲದ ಆ ಕಾಗದವನ್ನು ಲಕೋಟೆಗೆ ಸೇರಿಸುವುದು ಮರೆತಿತ್ತು, ಅರ್ಧ ದಾರಿಯಿಂದ ವಾಪಸು ಬಂದು ಮನೆ ಮುಂದೆ ಎಂಜಿನ್ ನಿಲ್ಲಿಸಿ ತಲೆ ಎತ್ತಿದೆ. ಈ ಸಲ ಕನ್ನಡಿ ಮೇಲಕ್ಕೆ ಏರಿಲ್ಲ. ಪಕ್ಕಕ್ಕೆ ತಿರುಗಿದೆ, ನನ್ನ ಪಕ್ಕದ ಸೀಟಿನ ಕಡೆಗೆ. ಹಳದಿ ಫ್ರಾಕು ಹಿಂದಿನ ಸೀಟಿನಲ್ಲಿಲ್ಲ. ನೀವು ಕೊಟ್ಟ ಮಾತನ್ನು ಅವಳು ಮರೆತಿಲ್ಲ ರೀ. ಬರುವಾಗ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಜಾಗದಲ್ಲಿ ಈಗ ನಾನಿದ್ದೇನೆ, ಪಕ್ಕದಲ್ಲಿ ಅವಳಿದ್ದಾಳೆ. ನೀವು ಹಿಂದೆ ಕೂರಬೇಕಾಗುತ್ತದೆ.