ಹಿಂದಿನ ಎಡಗಡೆಯ ಪೆಟ್ಟಿಗೆ

ಇದನ್ನು ಬಿಡಿಸಿ ಓದುತ್ತಿರುವವರು ಯಾರೇ ಆಗಿರಲಿ, ನಾಚಿಕೆ ಉಂಟಾ ನಿಮಗೆ? ಸತ್ತವಳಿಗೆ ಬರೆದ ಕಾಗದಕ್ಕೆ ಮೂಗು ತೂರಿಸುವಷ್ಟು ಪುರುಸೊತ್ತಿದ್ದರೆ ಹೋಗಿ ಅಂಗಳದ ಪಾಚಿ ಉಜ್ಜಿ. ಓದಿಯೇ ತೀರುತ್ತೇವೆ ಎಂದಾದರೆ ಬಾಯಿ ಬಿಡದೆ ಓದಿ.

ಗುಲಾಬಿ ಅಕ್ಕಾ,

ನಾನು, ನಿನ್ನ ಲೀಲಾ. ನಾವಿಬ್ಬರು ಜೀವಮಾನವಿಡೀ ಜಗಳವಾಡಿದ್ದು ತುಳುವಿನಲ್ಲಿ. ಐದನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡವಾದ್ದರಿಂದ ಕಾಗದ ಹೀಗೇ ಬರುತ್ತದೆ. ನೀನು ಹೋಗಿ ಒಂಬತ್ತು ತಿಂಗಳಾಯಿತು. ಇಷ್ಟು ದಿನವೂ ನಿನ್ನ ಮೇಲೆ ಸಿಟ್ಟಿನಲ್ಲೇ ಇದ್ದೆ. ಮೂವತ್ತು ವರ್ಷ ಒಟ್ಟಿಗೆ ಮೀನು ಹೊತ್ತವಳು ಕಾಯಿಲೆಯ ಸುದ್ದಿಯನ್ನು ಇಡೀ ಕಾಪುವಿಗೆ ಹೇಳಿ, ನನಗೊಬ್ಬಳಿಗೆ ಹೇಳಲಿಲ್ಲವಲ್ಲ ಎಂದು. ಆ ಸಿಟ್ಟಿನಲ್ಲೇ ನಿನ್ನನ್ನು ನೋಡಲು ಮಣಿಪಾಲದ ಆಸ್ಪತ್ರೆಗೂ ಬರಲಿಲ್ಲ...

ಕಳೆದ ವರ್ಷ ಮೊಮ್ಮಗಳು ಶ್ರಾವ್ಯ ನಮ್ಮ ಜಗಲಿಯ ನಾಲ್ಕು ಮೂಲೆಗೂ ಮೈಕು ಇಟ್ಟದ್ದು ನೆನಪುಂಟಾ? "ಇನ್ನಂಜೆಗೆ ಮೀನು ಮಾರ್ಲಿಕ್ಕೆ ಹೋಗ್ತಿದ್ದ ಕತೆ ಹೇಳಿ ಅಜ್ಜಿ" ಎಂದಳು. ನಾನು ಎದುರು ಕುಳಿತು ಮಂತ್ರಿಯ ಹಾಗೆ ಭಾಷಣ ಬಿಗಿದೆ. ನೀನು ಅರ್ಧದಲ್ಲಿ ಎದ್ದು, ನನ್ನ ಬೆನ್ನ ಹಿಂದೆ ಕಂಬಕ್ಕೊರಗಿ ವೀಳ್ಯ ಜಗಿಯುತ್ತ ಕುಳಿತೆ. ಆ ರೆಕಾರ್ಡನ್ನು ಅವಳ ಲ್ಯಾಪ್‌ಟಾಪಿನಲ್ಲಿ ನಾನು ಎಷ್ಟು ಸಲ ಕೇಳಿಲ್ಲ? ಕೇಳಿಸಿದ್ದು ನನ್ನ ಗಂಟಲೊಂದೇ.

ಮೊನ್ನೆ ಮಧ್ಯಾಹ್ನ ಅವಳು ದೊಡ್ಡ ಕಂಪ್ಯೂಟರಿಗೆ ಆರು ಸ್ಪೀಕರ್ ಪೆಟ್ಟಿಗೆ ಜೋಡಿಸಿದಳು. ಎದುರು ಮೂರು, ಹಿಂದೆ ಎರಡು, ಮೇಜಿನಡಿ ದಪ್ಪದ್ದೊಂದು. ಅದಕ್ಕೆ ಗುಂ ಎನ್ನುವುದೊಂದೇ ಕೆಲಸ. ನಿನಗೆ ಗೊತ್ತಿಲ್ಲ, ಅವಳಿಗೀಗ ಏಳು ತಿಂಗಳು. "ಆ ಹೊಟ್ಟೆ ಹೊತ್ತು ಮೇಜಿನಡಿ ನುಸುಳಬೇಡ ಮಾರಾಯ್ತಿ" ಎಂದರೂ ಕೇಳದೆ, ಹಸಿರು ವಯರಿಗೆ ಹಸಿರು ತೂತು, ಕಪ್ಪಿಗೆ ಕಪ್ಪು ಎಂದು ಚುಚ್ಚಿದಳು. ಆದರೂ ಹಿಂದಿನ ಎರಡು ಮೂಕ.

"ಪೆಟ್ಟಿಗೆ ಆರು ಉಂಟು ಅಂತ ಕಂಪ್ಯೂಟರಿಗೆ ಹೇಳ್ಬೇಕು ಅಜ್ಜಿ. ಇಲ್ಲದಿದ್ರೆ ಅದು ಎರಡೇ ಅಂತ ತಿಳ್ಕೊಳ್ತದೆ."

"ಇಷ್ಟು ದೊಡ್ಡದು ಕಣ್ಣೆದುರು ಉಂಟಲ್ಲ, ಕುರುಡಾ ಅದು?"

ನಗುತ್ತ ಎಲ್ಲೋ ಒತ್ತಿ "ಫೈವ್ ಪಾಯಿಂಟ್ ಒನ್" ಎಂದು ಬದಲಿಸಿದಳು. ಆಮೇಲೆ ಪರೀಕ್ಷೆ. ಕರ್ ಎಂಬ ಸದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುತ್ತ, ಕಾಲಿಲ್ಲದ ಯಾರೋ ನನ್ನ ಸುತ್ತ ನಡೆದ ಹಾಗೆ ಬಂದು, ನನ್ನ ಬೆನ್ನಿನ ಎಡಗಡೆ ನಿಂತಿತು.

"ಈಗ ಹಿಂದಿನ ಮೈಕಿನದ್ದೂ ಕೇಳ್ತದೆ, ನಿಮ್ಮ ಜಗಲಿ ಕೇಳಿ" ಎಂದಳು. ಎದುರಿನಿಂದ ನಾನೇ ನನಗೆ ಬಂಗುಡೆ ಮೀನಿನ ತಾಜಾತನದ ಪಾಠ ಹೇಳುತ್ತಿದ್ದೆ. ಹಿಂದೆ ಕಾಗೆ. ಅಡಿಕೆ ಕತ್ತರಿಸಿದ ಕಟಕ್ ಸದ್ದು. ಆಮೇಲೆ ನಿನ್ನ ಉಸಿರು. ಆಮೇಲೆ...

"ಲೀಲಾ, ನಾಳೆ ಮಣಿಪಾಲಕ್ಕೆ ನನ್ನೊಟ್ಟಿಗೆ ಬರ್ತೀಯಾ? ಹೊಟ್ಟೆಯಲ್ಲಿ ಎಂತದೋ ಗಡ್ಡೆ ಉಂಟಂತೆ. ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ."

ಎದುರಿನ ಲೀಲಾ ಬಂಗುಡೆಯನ್ನು ಬಿಡಲೇ ಇಲ್ಲ. ಕುರ್ಚಿಯಲ್ಲಿದ್ದ ನಾನು ಮಾತ್ರ ತಟ್ಟನೆ ತಿರುಗಿ ಹೇಳಿಬಿಟ್ಟೆ: "ಬರ್ತೇನೆ ಅಕ್ಕ, ಬರದೆ ಎಂತ!"

ಮುಂಜಾವಿನ ಮಬ್ಬಿನಲ್ಲಿ ಮೀನಿಗಾಗಿ ಕಡಲ ದಂಡೆಗೆ ಹೋಗುವಾಗ ನನ್ನ ಕೈ ಚಿವುಟಿ ಕಲಿಸಿದವಳು ನೀನೇ ಅಲ್ಲವೇ? ಬೆನ್ನ ಹಿಂದಿನಿಂದ ಸತ್ತವರು ಹೆಸರು ಹಿಡಿದು ಕರೆದರೆ ಓಗೊಡಬಾರದು, ಓಗೊಟ್ಟರೆ ಅವರೊಟ್ಟಿಗೆ ಹೊರಟ ಹಾಗೆಯೇ ಎಂದು. ಬದುಕಿದ್ದಾಗ ನೀನು ಕರೆದೆ, ನನಗೆ ಕೇಳಿಸಲಿಲ್ಲ. ಸತ್ತ ಮೇಲೆ ಕರೆದೆ, ನಾನು ಮಾತು ಕೊಟ್ಟು ಕುಳಿತೆ. ಎಂತಹ ಹೆಂಗಸು ನಾನು?

ಶ್ರಾವ್ಯ ಅದನ್ನೇ ಇನ್ನೊಮ್ಮೆ ಹಾಕಿದಳು. ಮೊದಲ ಸಲ ನಿನ್ನ ಪ್ರಶ್ನೆಯ ನಂತರ ಕಾಗೆ ಮಾತ್ರ ಇತ್ತು. ಈ ಸಲ ಕಾಗೆಗಿಂತ ಮೊದಲು ಆ ಪೆಟ್ಟಿಗೆ "ಹ್ಞಾಂ" ಎಂದಿತು, ಮನಸ್ಸಿಗೆ ಸಮಾಧಾನವಾದಾಗ ನೀನು ಅನ್ನುತ್ತಿದ್ದಂತೆಯೇ.

"ಅದು ಮೊದಲೇ ಇತ್ತು ಅಜ್ಜಿ."

ಹಾಗಾದರೆ ನನ್ನ ಮುಖ ನೋಡದೆ ಅವಳು ಹಿಂದಿನ ವಯರು ಕಿತ್ತದ್ದು ಏಕೆ? ಕಿತ್ತ ಮೇಲೂ ಆ ಮೂಲೆಗೆ ಬೆನ್ನು ಹಾಕಿ ಕುಳಿತರೆ ನನ್ನ ಎಡಗಿವಿ ತಣ್ಣಗಾಗುತ್ತದೆ.

ಅಕ್ಕಾ, ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ನಿನ್ನನ್ನು ಒಬ್ಬಳನ್ನೇ ಕಳುಹಿಸಿದ್ದು ಒಮ್ಮೆ ಸಾಕು. ಆದರೆ ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಶ್ರಾವ್ಯಳ ಹೆರಿಗೆ. ಬಾಣಂತಿಗೆ ನಲವತ್ತು ದಿನ ಬಿಸಿನೀರು ಹೊಯ್ಯಬೇಕು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಬೇಕು. ತಾಯಿಯಿಲ್ಲದ ಹುಡುಗಿ, ನನ್ನನ್ನು ಬಿಟ್ಟರೆ ಯಾರುಂಟು ಅವಳಿಗೆ? ಅಷ್ಟರವರೆಗೆ ಬಿಡು. ಬಿಡುತ್ತೀಯಾ?

ಬರುವ ತಿಂಗಳು ಆಟಿ. ಸತ್ತವರಿಗೆ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚುವ ದಿನ ನಿನ್ನ ಮಗನ ಮನೆಗೆ ಬಂದು, ಒಣಮೀನಿನ ಚಟ್ನಿ ನಾನೇ ಅರೆಯುತ್ತೇನೆ. ಆದರೆ ಉತ್ತರಕ್ಕೆ ಆ ಊಟದವರೆಗೆ ನನ್ನನ್ನು ಕಾಯಿಸಬೇಡ. ನಾಳೆ ಮಧ್ಯಾಹ್ನ ಹಿಂದಿನ ಪೆಟ್ಟಿಗೆಯ ಕಪ್ಪು ವಯರನ್ನು ನಾನೇ ಚುಚ್ಚಿ, ಈ ಸಲ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆಟಿ ಹುಟ್ಟುವ ಮೊದಲು ಉತ್ತರ ಕೊಡು.